ಗ್ರಾಫೀನ್ ಹಾಳೆಯ ಕಳವು

ಫೆಬ್ರುವರಿ ಹನ್ನೊಂದರ ಬೆಳಿಗ್ಗೆ ಸಂಶೋಧಕಿ ಕೌಸರ್ ಬೈಲಹೊಂಗಲ ಠಾಣೆಗೆ ಬಂದು, ಕಾಲೇಜಿನ ಪ್ರಯೋಗಾಲಯದಿಂದ ಉಗುರಗಲದ ಒಂದು ಹಾಳೆ ಕಳವಾಗಿದೆ ಎಂದಾಗ ಪಿಎಸ್‌ಐ ಮಾಂತೇಶನಿಗೆ ನಗು ಬಂತು. ಅವಳ ಬಾತ ಕಣ್ಣು ನೋಡಿ ಸುಮ್ಮನಾದ.

“ಏನ್ ಮಾಡತೈತ್ರಿ ಅದು?”

“ಟೆರಾಹರ್ಟ್ಸ್ ಅಂತ ಕಣ್ಣಿಗೆ ಕಾಣದ ತರಂಗ ಅದಾವ್ರಿ, ಅವನ್ನ ನುಂಗತೈತಿ. ವೋಲ್ಟೇಜ್ ಹೆಚ್ಚು ಕಮ್ಮಿ ಮಾಡಿ, ಯಾವುದನ್ನ ನುಂಗಬೇಕು ಅಂತ ನಾವ ಹೇಳಬಹುದು. ನಾಕು ವರ್ಷದ ದುಡಿಮಿ ಸರ. ಅದೊಂದ ಸರಿಯಾಗಿ ಬಂದಿತ್ತು.”

ಎಫ್‌ಐಆರ್ ದಾಖಲಾಯಿತು. ಪೇದೆ ಸಾಜಿದ್‌ನೊಂದಿಗೆ ಹೋಗಿ ಸ್ಥಳ ಪಂಚನಾಮೆ ಮಾಡಿದರೆ, ಬೀಗ ಒಡೆದಿರಲಿಲ್ಲ. ಡಬ್ಬಿಯಲ್ಲಿ ಅಂಥವೇ ಬಂಗಾರದ ಗೆರೆಯ ಹಾಳೆಗಳು ಇನ್ನೂ ಐದು ಇದ್ದವು.

“ಬಂಗಾರಕ್ಕ ಬಂದಾಂವ ಇವನ್ನ ಯಾಕ ಬಿಟ್ಟ?” ಸಾಜಿದ್ ತಲೆ ಕೆರೆದುಕೊಂಡ.

ಇವು ಹೋಲಿಸಿ ನೋಡಲು ಮಾಡಿದವು, ಇವುಗಳ ಮೇಲೆ ಗ್ರಾಫೀನ್ ಇಲ್ಲ ಎಂದಳು ಕೌಸರ್. ಗ್ರಾಫೀನ್ ಎಂದರೆ ಇಂಗಾಲದ ಒಂದೇ ಪರಮಾಣುವಿನಷ್ಟು ತೆಳು ಪದರ. ಬರಿಗಣ್ಣಿಗೆ ಆರೂ ಒಂದೇ.

“ಹಂಗಾರ ಯಾವುದರಾಗ ಐತಿ ಅಂತ ಯಾರಿಗೆ ಗೊತ್ತು?” ಎಂದ ಮಾಂತೇಶ.

“ನನಗ. ಮತ್ತ...” ಅವಳ ಮುಖ ಬಿಳಿಚಿತು. “ನಮ್ಮ ಗೈಡ್ ನಿಜಗುಣಪ್ಪ ಸರ್‌ಗೆ.”

ಸವದತ್ತಿಯ ಮನೆಯಲ್ಲಿ ಬಾಗಿಲು ತೆರೆದ ನಿಜಗುಣಪ್ಪ ಪೊಲೀಸರನ್ನು ಕಂಡವರೇ ತಲೆ ತಗ್ಗಿಸಿದರು. ಒಳಗೆ ಹೆಂಡತಿ ರಾಜೇಶ್ವರಿ ಮಲಗಿದ್ದರು. ಮಿದುಳಿನಲ್ಲಿ ಗಡ್ಡೆ, ಇನ್ನು ಆಗುವುದಿಲ್ಲವೆಂದು ಆಸ್ಪತ್ರೆಯವರು ಮನೆಗೆ ಕಳಿಸಿದ್ದರು. ಕೊರಳಲ್ಲಿ ಹೊಸ ಕರಿದಾರ, ಅದಕ್ಕೊಂದು ತಾಮ್ರದ ತಾಯತ.

“ಅದರಾಗ ಐತೇನ್ರಿ ಸರ?” ಮಾಂತೇಶ ಕೇಳಿದ.

“ಹೂಂರಿ.”

“ಗಡ್ಡಿ ನುಂಗತೈತೇನ್ರಿ ಅದು?”

“ಇಲ್ಲ. ಅದು ನನ್ನಷ್ಟು ಚಲೋ ಯಾರಿಗೂ ಗೊತ್ತಿಲ್ಲ.”

“ಮತ್ಯಾಕ್ರಿ?”

“ಇಷ್ಟ ವರ್ಷ ನುಂಗೂದು ಮಾಡೀರಿ, ನನ್ನ ತಲ್ಯಾಗಿಂದು ನುಂಗೂದಿಲ್ಲೇನು ಅಂತ ಕೇಳಿದ್ಲು. ಇಲ್ಲ ಅನ್ನಾಕ ಬಾಯಿ ಬರಲಿಲ್ಲ.”

ಪಂಚರ ಸಮಕ್ಷಮ ರಾಜೇಶ್ವರಿಯ ತಂಗಿ ದೇವಕ್ಕ ದಾರ ಬಿಚ್ಚಿದಳು. ರಾಜೇಶ್ವರಿ ಕಣ್ಣು ತೆರೆದರು. “ಎಲ್ಲಾ ನುಂಗೇತೇನ್ರಿ?”

ನಿಜಗುಣಪ್ಪ ಗೋಡೆಗೆ ಮುಖ ಮಾಡಿ ನಿಂತರು. ಮಾಂತೇಶ ಟೋಪಿ ತೆಗೆದು ರಾಜೇಶ್ವರಿಯ ಹತ್ತಿರ ಬಾಗಿದ.

“ನುಂಗೇತ್ರಿ ಅಕ್ಕಾರ,” ಎಂದ.

ತಾಯತದೊಳಗೆ ಮಡಚಿ ತುರುಕಿದ್ದ ಹಾಳೆ ಸೀಳಿಹೋಗಿತ್ತು. ಕೌಸರ್‌ಳ ನಾಲ್ಕು ವರ್ಷ ಯಾರಿಗೂ ದಕ್ಕದೆ ಹೋದವು.

ದಸ್ತಗಿರಿ ಮಾಡಿ ಜೀಪಿನಲ್ಲಿ ಕೂರಿಸಿಕೊಂಡ ಮೇಲೂ ಮಾಂತೇಶನಿಗೆ ಒಂದು ಮಾತು ಕೇಳದೆ ಇರಲಾಗಲಿಲ್ಲ.

“ಸರ, ಉಳಿದ ಐದರಾಗ ಒಂದ್ ಕಟ್ಟಿದ್ರ ಅವರಿಗೇನ್ ಗೊತ್ತಾಗ್ತಿತ್ತು? ಆ ಹುಡುಗಿದೂ ಉಳೀತಿತ್ತು.”

ನಿಜಗುಣಪ್ಪ ತಿರುಗಿ ಮನೆಯ ಕಡೆ ನೋಡಿದರು.

“ಕೈ ಅದಕ್ಕ ಹೋಗಿತ್ರಿ ಮೊದಲ,” ಎಂದರು. “ಆದ್ರ ನಾ ಕಲ್ತದ್ದೆಲ್ಲಾ ಸುಳ್ಳಾಗಿ, ಖರೇನ ನುಂಗಿಬಿಟ್ರ ಅಂತ ಅನಿಸ್ತು.”