ನಾನೂರ ಮೂವತ್ತು ಕಿಲೋಮೀಟರ್, ಎದುರುಗಾಳಿ

ಬೆಟ್ಟದಾಚೆಯ ಊರಿನ ಪುಟ್ಟ ಆಸ್ಪತ್ರೆಯಲ್ಲಿ ರಸ್ತೆ ಕೆಲಸದ ಆಳೊಬ್ಬ ಮಲಗಿದ್ದ. ಬಂಡೆ ಉರುಳಿ ಕಾಲು ಜಜ್ಜಿಹೋಗಿತ್ತು. ಸಂಜೆಯೊಳಗೆ ಆರು ಚೀಲ ರಕ್ತ ಅಲ್ಲಿಗೆ ಮುಟ್ಟಬೇಕು. ಗುಡ್ಡ ಕುಸಿದು ದಾರಿ ಮುಚ್ಚಿತ್ತು. ಉಳಿದದ್ದು ಒಂಟಿ ಎಂಜಿನ್ನಿನ ವಿಮಾನವೊಂದೇ.

ನಿಲ್ದಾಣದ ತಗಡಿನ ಕೋಣೆಯಲ್ಲಿ ಪೈಲಟ್ ನಕ್ಷೆಯ ಮೇಲೆ ಅಡಿಕೋಲಿಟ್ಟಳು. ನೇರ ಹೋದರೆ ನಾನೂರ ಮೂವತ್ತು ಕಿಲೋಮೀಟರ್, ಗಾಳಿ ಸುಮ್ಮನಿದ್ದರೆ ಎರಡು ಗಂಟೆ ಹತ್ತು ನಿಮಿಷ. ಆದರೆ ಬೆಟ್ಟದ ಸಂದಿಗೆ ಮೋಡ ಕವಿದಿತ್ತು. ನದಿಯ ಜಾಡು ಹಿಡಿದು ಸುತ್ತಿದರೆ ಅರವತ್ತು ಕಿಲೋಮೀಟರ್ ಹೆಚ್ಚು, ಎದುರುಗಾಳಿ ಬೇರೆ. ಮೂರೂಕಾಲು ಗಂಟೆ ಬೇಕು. ಟ್ಯಾಂಕು ತುಂಬಿಸಿದರೂ ಮೂರೂವರೆ ಗಂಟೆಗೆ ಖಾಲಿ.

ಹದಿನೈದು ನಿಮಿಷ ಉಳಿಯುತ್ತೆ ಅಂದಳು, ಯಾರದೋ ಲೆಕ್ಕ ಒಪ್ಪಿಸುವವಳಂತೆ. ಗಂಡ ತೀರಿಕೊಂಡು ಮೂರು ತಿಂಗಳಾಗಿತ್ತು. ಕಣ್ಣಲ್ಲಿ ಒಂದು ಹನಿಯೂ ಬಂದಿರಲಿಲ್ಲ. ಕಲ್ಲೆದೆಯವಳು ಎಂದು ನೆಂಟರು ಆಡಿಕೊಂಡದ್ದೂ ಅವಳನ್ನು ತಟ್ಟಿರಲಿಲ್ಲ. ಮೆಕ್ಯಾನಿಕ್ ಆಗಿದ್ದ ಸೋದರಮಾವ ಏನೂ ಕೇಳದೆ ಪಕ್ಕದ ಸೀಟು ಹತ್ತಿದರು. ಹಿಂದೆ ನರ್ಸಮ್ಮ ರಕ್ತದ ಚೀಲಗಳಿದ್ದ ಮಂಜುಗಡ್ಡೆಯ ಪೆಟ್ಟಿಗೆಯನ್ನು ಮಗುವಿನಂತೆ ತಬ್ಬಿ ಕೂತಳು.

ಕೆಳಗೆ ನದಿ ಬೂದು ಹಗ್ಗದಂತೆ ಬಂಡೆಗಳ ನಡುವೆ ಸುತ್ತಿ ಸುಳಿದು ಹೋಗುತ್ತಿತ್ತು. ಎರಡೂ ಕಡೆ ಬೋಳು ಗೋಡೆಗಳು, ಅವುಗಳ ನೆತ್ತಿ ಮೋಡದೊಳಗೆ. ಒಂದು ಮನೆಯಿಲ್ಲ, ಒಂದು ಹೊಗೆಯಿಲ್ಲ. ಎರಡು ಗಂಟೆ ಹೀಗೇ ಕಳೆಯಿತು.

ಆಮೇಲೆ ಎಂಜಿನ್ ಕೆಮ್ಮಿತು.

ಮತ್ತೊಮ್ಮೆ ಕೆಮ್ಮಿತು. ವಿಮಾನದ ಮೂಗು ಬಾಗಿತು. ನದಿ ಮೇಲೆದ್ದು ಬಂದಂತಾಯಿತು.

ಗಾಳಿ ಎಳೆದುಕೊಳ್ಳುವ ಎಂಜಿನ್ನಿನ ಗಂಟಲಲ್ಲಿ ಹಿಮ ಕಟ್ಟಿದೆ ಎಂದು ಅವಳ ಕೈಗೆ ಗೊತ್ತಾಯಿತು. ಅದನ್ನು ಕರಗಿಸುವ ಬಿಸಿಗಾಳಿಯ ಹಿಡಿಯನ್ನು ಪೂರ್ತಿ ಎಳೆದಳು. ಎಂಜಿನ್ ಇನ್ನಷ್ಟು ನಡುಗಿತು, ಸತ್ತೇಹೋಗುವಂತೆ.

ಹಿಡಿಯಿಂದ ಅವಳ ಕೈ ಹಿಂದಕ್ಕೆ ಸರಿಯಿತು.

"ಬಿಡಬೇಡ ಕಣೆ," ಮಾವ ಮೆಲ್ಲಗೆ ಅಂದರು. "ಕರಗುವಾಗ ಮೊದಲು ಹದಗೆಡುತ್ತೆ. ಹಿಡ್ಕೊಂಡಿರು."

ಹಿಡಿದಳು. ಒಂದು ಬಂಡೆ ರೆಕ್ಕೆಯ ಪಕ್ಕದಲ್ಲೇ ಸರಿಯಿತು. ನರ್ಸಮ್ಮನ ತುಟಿ ಅಲುಗುತ್ತಿತ್ತು, ದನಿಯಿರಲಿಲ್ಲ. ಎಂಜಿನ್ ಒಮ್ಮೆ ಸಿಡಿದು, ನೀರು ಉಗುಳಿ, ಗಂಟಲು ಸರಿಮಾಡಿಕೊಂಡು ಮೊರೆಯಿತು. ಮೂಗು ಮೇಲೆದ್ದಿತು.

ಬೆಟ್ಟದಾಚೆಯ ಊರಿನ ಮಣ್ಣಿನ ಪಟ್ಟಿಯ ಮೇಲೆ ಚಕ್ರ ತಾಗಿದಾಗ ಇಂಧನದ ಮುಳ್ಳು ಸೊನ್ನೆಗೆ ಒರಗಿತ್ತು. ಆಸ್ಪತ್ರೆಯ ಜೀಪು ಪೆಟ್ಟಿಗೆಯನ್ನೂ ನರ್ಸಮ್ಮನನ್ನೂ ಹೊತ್ತು ಓಡಿತು.

ಮರುದಿನ ಬೆಳಿಗ್ಗೆ ಡಾಕ್ಟರು ಬಂದು, ಕಾಲು ಹೋಯಿತು, ಆಳು ಉಳಿದ ಎಂದರು. ಅವಳು ತಲೆಯಾಡಿಸಿ ಡ್ರಮ್ಮಿನಿಂದ ಇಂಧನ ತುಂಬಿಸತೊಡಗಿದಳು. ಬೆಟ್ಟದ ಸಂದಿ ತೆರೆದಿತ್ತು, ಗಾಳಿ ಬೆನ್ನಿಗಿತ್ತು. ನೇರ ಹಾದಿಯಲ್ಲಿ ಎರಡು ಗಂಟೆಯೊಳಗೆ ತಮ್ಮ ನಿಲ್ದಾಣ ಸೇರಿದರು.

ಎಂಜಿನ್ ಆರಿಸಿ ಅವಳು ಕೂತಲ್ಲೇ ಕೂತಳು. "ಮಾವ, ಹೊಟ್ಟೆ ಹಸೀತಿದೆ," ಎಂದಳು. ಮೂರು ತಿಂಗಳಲ್ಲಿ ಇದೇ ಮೊದಲ ಸಲ.

ಮಾವ ತಮ್ಮ ಬುತ್ತಿ ಡಬ್ಬಿಯನ್ನು ಅವಳ ಮಡಿಲಿಗಿಟ್ಟು, ಎಂಜಿನ್ನಿನ ಮುಚ್ಚಳ ತೆಗೆಯಲು ಇಳಿದುಹೋದರು.