ಕೂಗದ ಅಲಾರಂ

ಈಜುಕೊಳದ ನೀರು ಇನ್ನೂ ಬೆಚ್ಚಗಿತ್ತು. ಯಜಮಾನರು ತಣ್ಣಗಾಗಿದ್ದರು.

ಕೊಳಕ್ಕೆ ಅಂಟಿಕೊಂಡ ಚಿಕ್ಕ ಕೋಣೆ. ದಿನದಂತೆ ಈಜಿ ಬಂದು ಬೆತ್ತದ ಕುರ್ಚಿಯಲ್ಲಿ, ಟವೆಲ್ ಹೊದ್ದು ಒರಗಿದವರು ಒರಗಿದಂತೆಯೇ ಇದ್ದರು. ತಿಂಡಿಗೆ ಕರೆಯಲು ಬಂದ ಹೆಂಡತಿ ಭುಜ ಅಲುಗಿಸಿ ಕಿರುಚಿದ್ದರು.

ಇನ್ಸ್‌ಪೆಕ್ಟರಮ್ಮ ಬಾಗಿ ಮುಖ ನೋಡಿದರು. ಹೆಣದ ಕೆನ್ನೆ ಬಿಳಿಚಿರಬೇಕು. ಇವರದು ಮದುಮಗನ ಕೆನ್ನೆಯಂತೆ ಕೆಂಪಗಿತ್ತು.

“ವಿಷದ ಗಾಳಿ. ಕಿಟಕಿ ಎಲ್ಲ ತೆಗೀರಿ. ಹೀಟರ್ ಎಲ್ಲಿದೆ?”

ಗೋಡೆಯಾಚೆಯೇ ಇತ್ತು, ಕೊಳದ ನೀರು ಕಾಯಿಸುವ ಗ್ಯಾಸ್ ಹೀಟರ್. ಕೂಗು ಕೇಳಿ ಓಡಿಬಂದ ಡ್ರೈವರ್ ಆಗಲೇ ಆರಿಸಿದ್ದ. ಹಳೆಯ ಯಂತ್ರ, ಹೊಗೆ ಕೊಳವೆ ಕಟ್ಟಿಕೊಂಡರೆ ತಾನಾಗಿ ಆರುವ ಜಾತಿಯದಲ್ಲ. ಹೆಡ್ ಕಾನ್‌ಸ್ಟೆಬಲ್ ಏಣಿ ಹತ್ತಿ ಕೊಳವೆಯೊಳಗೆ ಕೈ ಹಾಕಿದ. ಹಕ್ಕಿಗೂಡೊಂದು ಕೈಗೆ ಬಂತು. ಹೊರಹೋಗಲು ದಾರಿಯಿಲ್ಲದ ಗಾಳಿ ಗೋಡೆಯ ಜಾಲರಿಯಿಂದ ಕೋಣೆಗೆ ನುಗ್ಗಿತ್ತು. ಬಣ್ಣವಿಲ್ಲ, ವಾಸನೆಯಿಲ್ಲ, ಕಾಣುವ ಹೊಗೆಯಿಲ್ಲ.

“ಹಕ್ಕಿ ಮಾಡಿದ ಕೊಲೆ ಮೇಡಂ. ಕೋಳ ಯಾರಿಗೆ ಹಾಕೋದು?”

“ದಿನಾ ಬೆಳಗ್ಗೆ ಉರಿಯೋ ಕೊಳವೇಲಿ ಯಾವ ಹಕ್ಕಿ ಸಂಸಾರ ಹೂಡುತ್ತಪ್ಪ?”

ಕೋಣೆಯ ಗೋಡೆಯ ಮೇಲೆ ದುಂಡನೆಯ ಬಿಳಿ ಅಲಾರಂ ಇತ್ತು. ಇನ್ಸ್‌ಪೆಕ್ಟರಮ್ಮ ಸ್ಟೂಲ್ ಹತ್ತಿ ಗುಂಡಿ ಒತ್ತಿದರು. ಕಿವಿ ಕಿತ್ತುಹೋಗುವಂತೆ ಅರಚಿತು.

“ಇಷ್ಟು ಗಂಟಲಿದ್ದೂ ಬೆಳಗ್ಗೆ ಯಾಕೆ ಸುಮ್ಮನಿತ್ತು?”

“ಅದು ಗ್ಯಾಸ್ ಅಲಾರಂ,” ಎಂದರು ಹೆಂಡತಿ, ಕಣ್ಣೊರೆಸಿಕೊಳ್ಳುತ್ತ. “ಕೊಳದ ಹೀಟರ್, ಮನೆ ಅಲಾರಂ, ಇವರ ವ್ಯಾಪಾರವೇ ಅದು. ನಮ್ಮನೆಗೇ ಕಳಪೆ ಹಾಕ್ತಾರಾ? ಕೆಟ್ಟಿರಬೇಕು.”

ಅವರು ಒಳಗೆ ಹೋದ ಮೇಲೆ ಇನ್ಸ್‌ಪೆಕ್ಟರಮ್ಮ ಅಲಾರಂ ಬಿಚ್ಚಿದರು. ಅದರ ಹಿಂದಿನ ಗೋಡೆಯಲ್ಲಿ, ಬಣ್ಣ ಮಾಸದೆ ಉಳಿದ ಗುರುತು. ದುಂಡಗಲ್ಲ, ಚೌಕ. ಅಲಾರಂನ ಬೆನ್ನ ಮೇಲಿನ ಸಣ್ಣ ಅಕ್ಷರ ಓದಿದರು. ಇದು ವಿಷದ ಗಾಳಿ ಸೋಕಿದರೆ ಕೂಗುವ ಗ್ಯಾಸ್ ಅಲಾರಂ ಅಲ್ಲ. ಹೊಗೆಗೆ ಮಾತ್ರ ಕೂಗುವಂಥದು.

“ಕಾವಲು ನಾಯಿ ಜಾಗದಲ್ಲಿ ಯಾರೋ ಬೆಕ್ಕು ಕಟ್ಟಿ ಹೋಗಿದಾರೆ,” ಎಂದರು. “ಈ ಮಾತು ನಮ್ಮಿಬ್ಬರಲ್ಲೇ ಇರಲಿ.”

* * *

ಸಿಕ್ಕಿಬಿದ್ದವನು ಮೆಕ್ಯಾನಿಕ್. ಹಿಂದಿನ ದಿನ ಹೀಟರ್ ತೊಳೆಯಲು ಬಂದಿದ್ದ. ತಡವಾಗಿ ಬಂದನೆಂದು ಯಜಮಾನರು ಎಲ್ಲರೆದುರು ಅವನ ಕೆನ್ನೆಗೆ ಬಾರಿಸಿದ್ದರು. ಗೇಟಿನಲ್ಲಿ ನಿಂತು, ‘ಒಂದಲ್ಲ ಒಂದಿನ ಅನುಭವಿಸ್ತೀರಿ’ ಎಂದು ಕೂಗಿ ಹೋಗಿದ್ದ.

“ಹೊಟ್ಟೆ ಉರೀತು, ಅಂದೆ ಮೇಡಂ. ಆದ್ರೆ ಕೊಳವೆ ಚೊಕ್ಕ ಮಾಡೇ ಬಂದೆ. ನನ್ನ ಮಾತು ಯಾರು ನಂಬ್ತಾರೆ?”

ಹೆಡ್ ಕಾನ್‌ಸ್ಟೆಬಲ್ ನಂಬಲಿಲ್ಲ. ಲಾಕಪ್ಪಿಗೆ ಬೀಗ ಬಿತ್ತು.

ಇನ್ಸ್‌ಪೆಕ್ಟರಮ್ಮನಿಗೆ ಮಾತ್ರ ಸಮಾಧಾನವಿಲ್ಲ. “ಹೀಟರ್ ಬಿಚ್ಚಿ ಜೋಡಿಸೋನಿಗೆ ಗೂಡು ಹುಡುಕೋ ಕರ್ಮ ಯಾಕೆ? ಒಂದು ಸ್ಕ್ರೂ ತಿರುಗಿಸಿದ್ರೆ ಸಾಕಿತ್ತು.”

ಮೆಕ್ಯಾನಿಕ್ ಹೋದ ಮೇಲೆ, ಅದೇ ಸಂಜೆ, ಇನ್ನೊಬ್ಬ ಬಂದಿದ್ದ. ಯಜಮಾನರ ಮಂಡಿನೋವಿಗೆ ನೀರಿನಲ್ಲಿ ವ್ಯಾಯಾಮ ಮಾಡಿಸುವ ಈಜಿನ ಮೇಷ್ಟ್ರು. ಸಾವಿನ ಮರುದಿನ ಮನೆಯವರನ್ನು ಸಂತೈಸಲು ಬಂದವನು ಕೊಳದ ಅಂಚಿನಲ್ಲಿ ಕೂತಿದ್ದ.

“ನಿನ್ನೆ ರಜ ಹಾಕಿದ್ದೆ ಮೇಡಂ. ಇಂಥ ದಿನವೇ ಹೀಗಾಗ್ಬೇಕಾ! ಆ ಮೆಕ್ಯಾನಿಕ್ ಮೊದಲಿಂದ್ಲೂ ಮುಂಗೋಪಿ.”

“ಅಲಾರಂ ಕೆಟ್ಟಿತ್ತಂತೆ.”

“ಕೆಟ್ಟಿರಲ್ಲ ಬಿಡಿ. ಹೊಗೆಯೇ ಇಲ್ದಿದ್ರೆ ಅದಾದ್ರೂ ಏನಂತ ಕೂಗುತ್ತೆ?”

“ಅಲಾರಂ ವಿಷಯ ಚೆನ್ನಾಗಿ ಗೊತ್ತಾ?”

“ಅಯ್ಯೋ, ನೀರು ಬಿಟ್ಟು ನನಗೆ ಬೇರೇನು ಗೊತ್ತು!”

ಇನ್ಸ್‌ಪೆಕ್ಟರಮ್ಮ ತಲೆಯಾಡಿಸಿದರು. ಜೀಪು ಸ್ಟೇಷನ್ನಿಗೆ ಹೋಗಲಿಲ್ಲ. ನೇರ ಮೇಷ್ಟ್ರ ಮನೆಗೆ ಹೋಯಿತು.

* * *

ಬಾಗಿಲು ತೆರೆದವರು ಮೇಷ್ಟ್ರ ತಾಯಿ. ಕೈ ತೊಳೆಯುವ ನೆಪದಲ್ಲಿ ಇನ್ಸ್‌ಪೆಕ್ಟರಮ್ಮ ಬಚ್ಚಲುಮನೆಗೆ ಹೋದರು. ಗ್ಯಾಸ್ ಗೀಸರ್ ಎದುರಿನ ಗೋಡೆಯಲ್ಲಿ ಚೌಕನೆಯ ಅಲಾರಂ ಒಂದು ಹಸಿರು ಕಣ್ಣು ಮಿಟುಕಿಸುತ್ತಿತ್ತು.

“ಹೊಸದಾ ಅಮ್ಮ?”

“ಮೊನ್ನೆ ಮಗ ತಂದು ಹಾಕ್ದ. ಅದಕ್ಕೆ ಮುಂಚೆ ನಾನು ಸ್ನಾನಕ್ಕೆ ಹೋದ್ರೆ ಬಾಗಿಲ ಹೊರಗೇ ಕಾಯ್ತಿದ್ದ ಕಣಮ್ಮ. ಅವನಕ್ಕ ಹೋದಾಗಿಂದ ಹಾಗೇ.”

“ಅಕ್ಕ ಹೇಗೆ ಹೋದ್ರು?”

ಮುದುಕಿ ಸೆರಗನ್ನು ಬಾಯಿಗೊತ್ತಿಕೊಂಡರು. ಮಗಳು ದೊಡ್ಡ ಮನೆಯೊಂದರಲ್ಲಿ ಅಡುಗೆಗಿದ್ದಳು. ಕೊಳದ ಹೀಟರ್ ಪಕ್ಕದ ಕೋಣೆ ಅವಳದು. ಒಂದು ಬೆಳಗ್ಗೆ ಏಳಲಿಲ್ಲ. ಆ ಮನೆಗೆ ಹೀಟರ್, ಅಲಾರಂ ಎರಡನ್ನೂ ಮಾರಿ ಹಾಕಿಸಿದ್ದು ಈಗ ಸತ್ತ ಯಜಮಾನರೇ.

“ನಿದ್ದೆ ಕೆಡುತ್ತೆ ಅಂತ ಅವಳೇ ಬ್ಯಾಟರಿ ತೆಗೆದಿದ್ಲು ಅಂತ ಕೋರ್ಟಲ್ಲಿ ಹೇಳ್ಬಿಟ್ಟ. ಸತ್ತ ಮಗಳ ಮೇಲೆ ಗೂಬೆ ಕೂರಿಸಿದ ಕಣಮ್ಮ.”

* * *

ಸ್ಟೇಷನ್ನಿನ ಮೇಜಿನ ಮೇಲೆ ಚೌಕದ ಅಲಾರಂ ಇತ್ತು. ಎದುರು ಮೇಷ್ಟ್ರು.

“ಆ ಮನೇಲಿ ಎಲ್ಲರ ಪಾಲಿಗೂ ಅದು ಗ್ಯಾಸ್ ಅಲಾರಂ. ಹೊಗೆ ಇದ್ರೆ ಮಾತ್ರ ಕೂಗುತ್ತೆ ಅಂತ ತಿಳಿದಿದ್ದೋರು ನೀವೊಬ್ರೇ. ಚೌಕದ ಗುರುತು ಅಲ್ಲಿ, ಚೌಕದ ಅಲಾರಂ ನಿಮ್ಮ ಬಚ್ಚಲಲ್ಲಿ. ಸಂಜೆ ಬಂದಾಗ ಗೂಡು ತುರುಕಿದ್ರಿ, ಅಲಾರಂ ಬದಲಾಯಿಸಿದ್ರಿ. ಬೆಳಗ್ಗೆ ರಜ ಹಾಕಿದ್ರಿ.”

ಇನ್ಸ್‌ಪೆಕ್ಟರಮ್ಮ ಮೆಕ್ಯಾನಿಕ್‌ನನ್ನು ಕರೆಸಿ ಎದುರಿಗೆ ನಿಲ್ಲಿಸಿದರು. ಅತ್ತು ಅತ್ತು ಅವನ ಕಣ್ಣು ಊದಿತ್ತು.

“ನಿಮ್ಮಕ್ಕನ ಮೇಲೆ ಸುಳ್ಳು ಹೊರಿಸಿದ್ರು. ಈಗ ಇವನ ಮೇಲೆ ನೀವು ಹೊರಿಸ್ತಿದೀರಿ.”

ಆ ಮಾತು ನಾಟಿತು.

“ಅವನನ್ನ ಬಿಟ್ಬಿಡಿ,” ಎಂದ ಮೇಷ್ಟ್ರು. “ಅಕ್ಕನ ಕೋಣೇಲಿ ಗ್ಯಾಸ್‌ದು ಅಂತ ಹೇಳಿ ಹೊಗೆ ಅಲಾರಂ ಹಾಕಿದ್ರು. ಅದನ್ನ ಮುಚ್ಚಿಡೋಕೆ ಬ್ಯಾಟರಿ ಕಥೆ ಕಟ್ಟಿದ್ರು. ಅವರಂಗಡಿಯ ಅದೇ ಮಾಲು ಅವರಿಗೇ ಹಾಕ್ದೆ. ಬ್ಯಾಟರಿ ಮಾತ್ರ ಹೊಸದು. ಅದರ ಮೇಲೆ ತಪ್ಪು ಹೊರಿಸೋ ಹಾಗಿರಬಾರದು ನೋಡಿ.”

“ದಿನಾ ಅವರ ಜೊತೆಗೇ ಇರ್ತಿದ್ರಲ್ಲ.”

“ಕೋರ್ಟಲ್ಲಿ ನನ್ನ ಮುಖ ನೋಡಿದ್ರು. ಆಮೇಲೆ ಕೊಳಕ್ಕೆ ಬಂದಾಗ ಗುರುತೇ ಸಿಗಲಿಲ್ಲ ಅವರಿಗೆ. ನೀರಲ್ಲಿ ತೇಲಿಸುವಾಗ ಕತ್ತು ನನ್ನ ಕೈಯಲ್ಲೇ ಇರ್ತಿತ್ತು. ಮುಳುಗಿಸಿದ್ರೆ ಮುಗೀತಿತ್ತು. ಬೇಡ ಅನ್ನಿಸ್ತು. ಅಕ್ಕ ಸತ್ತ ಹಾಗೇ ಸಾಯ್ಬೇಕಿತ್ತು.”

“ನೆಮ್ಮದಿ ಆಯ್ತಾ?”

ಮೇಷ್ಟ್ರು ತನ್ನ ಅಂಗೈ ನೋಡಿಕೊಂಡ.

“ಇಲ್ಲ ಮೇಡಂ. ನಿದ್ದೇಲೇ ಹೋಗ್ಬಿಟ್ರು. ನಾನ್ಯಾರು ಅಂತ ಹೇಳೋಕೇ ಆಗ್ಲಿಲ್ಲ.”