ಒಂಬತ್ತು ಹತ್ತರ ಸಾಲು

"ದಿನಾ ಬೆಳಿಗ್ಗೆ ಒಂಬತ್ತು ಹತ್ತಕ್ಕೆ ರೂಟ್ ಆಗಿ ಡೇಟಾಬೇಸಿನ ಒಳಗೆ ಹೋಗೋದು ಯಾರು?"

ಅವನು ಅವಳೊಡನೆ ಆಡಿದ ಮೊದಲ ಮಾತೇ ಅದು.

"ನಾನೇ. ಎಲ್ಲ ಸರಿ ಇದೆಯಾ ಅಂತ ನೋಡ್ತೀನಿ," ಎಂದಳು.

ಅವನು ಬರೆದುಕೊಂಡ. ಅವಳ ಎದೆ ಒಮ್ಮೆ ಧಸಕ್ಕೆಂದಿತು... ಮತ್ತೆ ಮರಗಟ್ಟಿತು. ಏಳು ತಿಂಗಳಿಂದ ಹಾಗೆಯೇ. ಹಸಿವು, ಬಿಸಿಲು, ಜನರ ಮಾತು, ಯಾವುದೂ ಒಳಗಿನವರೆಗೆ ಇಳಿಯುತ್ತಿರಲಿಲ್ಲ.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕೂತು ರೋಗಿಗಳ ದಾಖಲೆಯ ಡೇಟಾಬೇಸು ನೋಡಿಕೊಳ್ಳುವುದು ಅವಳ ಕೆಲಸ. ಅವನು ಹೊರಗಿನಿಂದ ಬಂದ ತಪಾಸಣೆಯವನು. ಡೇಟಾಬೇಸಿನ ತಂತ್ರಾಂಶವನ್ನೆಲ್ಲ ಕಟ್ಟಿಟ್ಟಿದ್ದ ಹಳೆಯ ಕಂಟೇನರ್ ಇಮೇಜು ಮನೆ ಖಾಲಿ ಮಾಡಿ ಹೊರಟವರ ಗಂಟಿನಂತಿತ್ತು. ಬೇಕಾದ್ದು, ಬೇಡದ್ದು, ಎಲ್ಲ ಅದರೊಳಗೆ. ಒಳಹೊಕ್ಕು ಏನು ಬೇಕಾದರೂ ಮಾಡಲು ಒಂದು ಶೆಲ್ಲು, ಎಲ್ಲದಕ್ಕೂ ಯಜಮಾನನಾದ ರೂಟ್ ಎಂಬ ಖಾತೆ. ರೋಗಿಗಳ ಗುಟ್ಟು ಕಾಯುವ ನಿಯಮ ಅದನ್ನು ಒಪ್ಪುವುದಿಲ್ಲ. ಅದರ ಜಾಗಕ್ಕೆ ಬಿಗಿ ಮಾಡಿದ ಹೊಸ ಇಮೇಜು ಬರಬೇಕಿತ್ತು. ಅದರಲ್ಲಿ ಡೇಟಾಬೇಸಿಗೆ ಬೇಕಾದಷ್ಟೇ ಸಾಮಾನು, ಶೆಲ್ಲಿಲ್ಲ, ರೂಟ್ ಅಧಿಕಾರವಿಲ್ಲ. ಹಿತ್ತಿಲ ಬಾಗಿಲೇ ಇಲ್ಲದ ಮನೆ.

ಅವಳು ಹೋಗುತ್ತಿದ್ದುದು ಆ ಹಿತ್ತಿಲ ಬಾಗಿಲಿನಿಂದಲೇ. ಒಂದೇ ಒಂದು ಸಾಲು ಓದಿ ಹೊರಗೆ ಬರುತ್ತಿದ್ದಳು. ಮೊದಲ ಮಹಡಿಯ ವಾರ್ಡಿನಲ್ಲಿ ಅಮ್ಮ ತೀರಿಕೊಂಡ ದಿನ ನರ್ಸು ಬರೆದಿಟ್ಟ ಸಾಲು.

ಬಾಗಿಲು ಮುಚ್ಚಿದರೆ ಆ ಸಾಲು ಕೈತಪ್ಪುತ್ತಿತ್ತು. ಯಾಕೆ ಹೋಗುತ್ತಿದ್ದಳೆಂದು ಗೊತ್ತಾದರೆ ಕೆಲಸವೂ ಕೈತಪ್ಪುತ್ತಿತ್ತು.

ಮೂರು ವಾರ ಅವನು ಅವಳ ಎದುರು ಮೇಜಿನಲ್ಲೇ ಕೂತ. ಕೆಲಸದ ಹೊರತಾಗಿ ಅವನು ಕೇಳುತ್ತಿದ್ದುದು ಒಂದೇ, "ಊಟ ಆಯ್ತಾ?" ಕೇಳಿದಾಗಲೇ ಅವಳಿಗೆ ನೆನಪಾಗುತ್ತಿತ್ತು, ಆಗಿಲ್ಲವೆಂದು. ಒಂದು ದಿನ ಅವನಿಗೂ ಒಂದು ಕಪ್ ಟೀ ತಂದಳು. ಅವನು ಬೇಡವೆಂದು ತಲೆಯಾಡಿಸಿ ತನ್ನ ಫ್ಲಾಸ್ಕಿನಿಂದ ಬಗ್ಗಿಸಿಕೊಂಡ.

ದಾಖಲೆ ವಿಭಾಗದ ಅಕ್ಕ ಅದನ್ನು ನೋಡಿ ನಕ್ಕಳು. "ಕೊಟ್ರೆ ನಮ್ಮ ನೀರನ್ನೂ ಲ್ಯಾಬಿಗೆ ಕಳಿಸಿ ಕುಡೀತಾರೆ ಕಣೇ ಇವರು."

ಅವಳಿಗೆ ನಗು ಬರಲಿಲ್ಲ. ಎಷ್ಟು ಜಂಬ ಇವನಿಗೆ, ಎಂದುಕೊಂಡಳು ಅಷ್ಟೇ.

ನಾಲ್ಕನೇ ವಾರ ಮುಖ್ಯಸ್ಥರ ಮೇಜಿನ ಮೇಲೆ ಅವನ ವರದಿಯ ಕರಡು ಕಂಡಿತು. 'ಸಿಬ್ಬಂದಿಯೊಬ್ಬರು ಒಂದೇ ರೋಗಿಯ ದಾಖಲೆಯನ್ನು ದಿನವೂ ತೆರೆದಿದ್ದಾರೆ.' ಪುಟ ತಿರುಗಿಸುವಷ್ಟು ಧೈರ್ಯ ಅವಳಿಗಾಗಲಿಲ್ಲ.

ಅಂದರೆ... ಊಟ ಆಯ್ತಾ ಎಂದು ಕೇಳುತ್ತಲೇ ಇದನ್ನು ಬರೆಯುತ್ತಿದ್ದನೇ?

ಸಿಟ್ಟು ಕೂಡ ಬರಲಿಲ್ಲ. ಆ ಸಂಜೆಯೇ ಅವಸರದಲ್ಲಿ ಅಮ್ಮನ ದಾಖಲೆಯನ್ನು ಒಂದು ಫೈಲಿಗೆ ನಕಲು ಮಾಡಿ ಡೇಟಾಬೇಸಿನ ಫೋಲ್ಡರಿನಲ್ಲೇ ಇಟ್ಟಳು. ಮಾರನೆಯ ದಿನದಿಂದ ಅವನೊಡನೆ ಮಾತು ಬಿಟ್ಟಳು.

ಇಮೇಜು ಬದಲಿಸಲು ಭಾನುವಾರ ಮಧ್ಯಾಹ್ನ ನಿಗದಿಯಾಗಿತ್ತು. ಎರಡು ಗಂಟೆ ಕಾಲ ವಾರ್ಡಿನವರೆಲ್ಲ ಕಾಗದದಲ್ಲಿ ಬರೆದುಕೊಳ್ಳುವುದೆಂದು ಮೊದಲೇ ಹೇಳಿದ್ದರು. ಮುಖ್ಯಸ್ಥರೂ ಅವನೂ ನೋಡುತ್ತಿದ್ದಂತೆ ಅವಳು ಹಳೆಯದನ್ನು ನಿಲ್ಲಿಸಿ ಹೊಸದನ್ನು ಓಡಿಸಿದಳು.

ಡೇಟಾಬೇಸು ಏಳಲಿಲ್ಲ. ಮತ್ತೆ ಓಡಿಸಿದಳು, ಏಳಲಿಲ್ಲ. ಒಂದು ಫೈಲನ್ನು ಓದಲು ಅನುಮತಿಯಿಲ್ಲವೆಂದು ತೆರೆಯ ಮೇಲೆ ಬರುತ್ತಿತ್ತು. ಅದು ರೂಟ್‌ಗೆ ಸೇರಿದ ಫೈಲು.

ಯಾವುದೆಂದು ಅವಳಿಗೆ ಹೆಸರು ಓದುವ ಮೊದಲೇ ಗೊತ್ತಾಯಿತು.

ಮೇಲಿನಿಂದ ಫೋನಿನ ಮೇಲೆ ಫೋನು. ಐಸಿಯುನವರಿಗೆ ಹಳೆಯ ಔಷಧಿಯ ಪಟ್ಟಿ ಬೇಕಾಗಿತ್ತು. ಯಾರದಮ್ಮಾ ಆ ಫೈಲು ಎಂದು ಮುಖ್ಯಸ್ಥರು ಕೇಳಿದರು. ಗೊತ್ತಿಲ್ಲ ಎನ್ನಬಹುದಿತ್ತು...

"ನಂದು ಸರ್. ನಮ್ಮಮ್ಮನ ದಾಖಲೆ. ರೂಟ್ ಆಗಿ ಒಳಗೆ ಹೋಗಿ ಕಾಪಿ ಮಾಡಿಟ್ಟಿದ್ದೆ. ದಿನಾ ತೆಗೀತಾ ಇದ್ದದ್ದೂ ಅದನ್ನೇ."

ಕೊನೆಯ ಸಲ ಹಳೆಯ ಬಾಗಿಲಿನಿಂದ ಒಳಗೆ ಹೋದಳು. ಫೈಲನ್ನು ಅಳಿಸಿ ಹೊರಗೆ ಬಂದು ಹೊಸದನ್ನು ಓಡಿಸಿದಳು. ಈ ಸಲ ಡೇಟಾಬೇಸು ಎದ್ದಿತು.

ಆಗ ಅವನು ಬ್ಯಾಗಿನಿಂದ ಒಂದು ಹಾಳೆ ತೆಗೆದು ಅವಳ ಮುಂದಿಟ್ಟ. ತೀರಿಕೊಂಡ ರೋಗಿಯ ದಾಖಲೆಯ ಪ್ರತಿಗಾಗಿ ಹತ್ತಿರದ ಬಂಧುಗಳು ಕೊಡುವ ಅರ್ಜಿ. ಸಹಿಯ ಜಾಗ ಒಂದನ್ನು ಬಿಟ್ಟು ಉಳಿದದ್ದೆಲ್ಲ ತುಂಬಿತ್ತು.

"ತಪ್ಪನ್ನ ತಪ್ಪು ಅಂತಲೇ ಬರೆದಿದ್ದೀನಿ," ಎಂದ. "ಮಗಳಿಗೆ ಮುಂಬಾಗಿಲಿಂದ ಕೊಡಬೇಕಾದ್ದನ್ನ ಇಲ್ಲಿ ಯಾರೂ ಕೊಟ್ಟಿಲ್ಲ ಅನ್ನೋದನ್ನೂ ಬರೆದಿದ್ದೀನಿ. ಎರಡನೇ ಪುಟದಲ್ಲಿದೆ."

"ನಮ್ಮಮ್ಮ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ದಾಖಲೆ ವಿಭಾಗದ ಅಕ್ಕನ್ನ ಕೇಳಿದೆ. ದಾಖಲೆ ತೆರೆದಿಲ್ಲ. ತೆರೆಯೋ ಹಕ್ಕು ನನಗಿಲ್ಲ."

ಕೆಲಸ ಉಳಿಯಿತು. ಒಂದು ಎಚ್ಚರಿಕೆ ಪತ್ರ ಬಂತು. ಅಮ್ಮ ವಾರ್ಡಿನಲ್ಲಿ ಕಳೆದ ಹನ್ನೊಂದು ದಿನಗಳೂ ಕಾಗದವಾಗಿ ಅವಳ ಮೇಜಿಗೆ ಬಂದವು. ಅವನು ಮಾತ್ರ ಬರಲಿಲ್ಲ.

ಬಂದದ್ದು ಹತ್ತು ದಿನ ಕಳೆದ ಮೇಲೆ, ಬೆಳಿಗ್ಗೆ. ಕೈಯಲ್ಲಿ ಫ್ಲಾಸ್ಕಿರಲಿಲ್ಲ.

"ವರದಿಗೆ ನಿನ್ನೆ ಸಹಿ ಆಯ್ತು," ಎಂದ ಬಾಗಿಲಲ್ಲೇ ನಿಂತು. "ಸಹಿ ಆಗೋವರೆಗೂ ತಪಾಸಣೆ ಮಾಡೋ ಜಾಗದಲ್ಲಿ ಒಂದು ಕಪ್ ಟೀ ಕೂಡ ಕುಡಿಯೋ ಹಾಗಿಲ್ಲ ನಾವು. ಮನಸ್ಸಲ್ಲಿರೋದನ್ನ ಹೇಳೋ ಹಾಗಂತೂ ಇಲ್ಲ." ಒಳಗೆ ಬಂದ. "ಇವತ್ತು ಕೆಲಸ ಏನೂ ಇಲ್ಲ. ನಿಮ್ಮನ್ನ ನೋಡಬೇಕು ಅನ್ನಿಸ್ತು, ಬಂದೆ. ಟೀ ಇದೆಯಾ?"

ಅವಳು ಎರಡು ಕಪ್ ಟೀ ತಂದಳು. ಅವನು ಕುಡಿಯುವುದನ್ನು ನೋಡುತ್ತಾ ಕೂತು, ಆ ಸಾಲಿದ್ದ ಕಾಗದವನ್ನು ಅವನತ್ತ ಸರಿಸಿದಳು.

'೯.೧೦. ರೋಗಿ ಮಗಳನ್ನು ಕೇಳಿದರು. ಕೆಳಗಡೆ ಕೆಲಸದಲ್ಲಿದ್ದಾರೆ ಎಂದು ತಿಳಿಸಲಾಯಿತು.'

"ಎರಡೇ ಮಹಡಿ ಕೆಳಗಿದ್ದೆ..." ಎಂದಳು.

ಅವನು ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂತ. ಕೈಯಲ್ಲಿದ್ದ ಕಪ್ಪು ಸುಡುತ್ತಿದೆಯೆಂದು ಅವಳಿಗೆ ಗೊತ್ತಾಯಿತು. ಎಷ್ಟೋ ತಿಂಗಳ ಮೇಲೆ.

"ನಾಳೆನೂ ಬರಲಾ?" ಎಂದ.

"ಒಂಬತ್ತು ಹತ್ತಕ್ಕೆ ಬನ್ನಿ," ಎಂದಳು. "ಆ ಹೊತ್ತಲ್ಲಿ ಒಬ್ಬಳೇ ಇರೋಕೆ ಆಗಲ್ಲ ನನಗೆ."